ಮೊಜಾರ್ಟ್ ಕೇಳುವಾಗ ದಾರಿ ತಪ್ಪದಿರಲು: ಟ್ವಿಂಕಲ್‌ನಿಂದ ಸಿಂಫನಿವರೆಗೆ

ಟೈಟಾನ್ ವಾಚಿನ ಜಾಹೀರಾತಿನ ಟ್ಯೂನ್ ನಿಮಗೆ ಗೊತ್ತೇ ಇರುತ್ತದೆ. ಅದು ಮೊಜಾರ್ಟ್‌ನ 25ನೇ ಸಿಂಫನಿಯ (ಇಡೀ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಕೃತಿ) ಮೊದಲ ಭಾಗದ್ದು. 1773ರಲ್ಲಿ, ಅವನಿಗಿನ್ನೂ 17 ವರ್ಷವಾಗಿದ್ದಾಗ, ಸಾಲ್ಜ್‌ಬರ್ಗ್‌ನಲ್ಲಿ ಬರೆದದ್ದು. ಆ ಕೆಲವು ಸೆಕೆಂಡು ಎಲ್ಲರಿಗೂ ಇಷ್ಟ. ಇಡೀ ಸಿಂಫನಿ ಹಾಕಿಕೊಂಡು ಕೂತರೆ ಮಾತ್ರ ಎರಡು ನಿಮಿಷಕ್ಕೆ ಮನಸ್ಸು ಕುಕ್ಕರಿನ ವಿಸಿಲ್ ಎಣಿಸಲು ಹೋಗಿಬಿಡುತ್ತದೆ. ನನಗೂ ವರ್ಷಗಟ್ಟಲೆ ಹಾಗೇ ಆಗುತ್ತಿತ್ತು.

ಕಾರಣ ಸರಳ. ನಮ್ಮ ಕಛೇರಿಯಲ್ಲಿ ಸಾಹಿತ್ಯ ಇರುತ್ತದೆ. ಪಲ್ಲವಿ ವಾಪಸ್ ಬಂದರೆ ಗೊತ್ತಾಗುತ್ತದೆ. ತೊಡೆಯ ಮೇಲೆ ತಾಳ ಹಾಕುತ್ತಾ ಕೂತರೆ ಎಲ್ಲಿದ್ದೇವೆ ಅಂತ ಕೈಯೇ ಹೇಳುತ್ತದೆ. ಇಲ್ಲಿ ಅದೊಂದೂ ಇಲ್ಲ. ನೆನಪೊಂದೇ ಗತಿ. ಮೊದಲು ಕೇಳಿದ ಟ್ಯೂನನ್ನು ತಲೆಯಲ್ಲಿ ಇಟ್ಟುಕೊಂಡು, ಅದು ಮತ್ತೆ ಯಾವಾಗ ಬರುತ್ತದೆ, ಬಂದಾಗ ಏನಾಗಿ ಬಂದಿದೆ ಅಂತ ಕಾಯಬೇಕು. ಫಾರ್ಮ್ ಅಂತ ಪುಸ್ತಕಗಳು ಕರೆಯುವುದು ಇದನ್ನೇ.

ಸಾಮಾನ್ಯವಾಗಿ ಪಾಠಗಳು ಸೊನಾಟಾ ಫಾರ್ಮ್‌ನಿಂದ (ಅದೇನು ಅಂತ ಹೆಜ್ಜೆ 4ರಲ್ಲಿ ಬರುತ್ತದೆ) ಶುರುವಾಗುತ್ತವೆ. ನನ್ನ ಪ್ರಕಾರ ಅದು ತಪ್ಪು. ಈಜು ಕಲಿಸಲು ಮಕ್ಕಳನ್ನು ಮೊದಲ ದಿನವೇ ಕೆರೆಯ ನಡುವೆ ಬಿಟ್ಟ ಹಾಗೆ. ಚಿಕ್ಕದರಿಂದ ಹತ್ತೋಣ. ನಾವು ನೋಡುವುದು ಸುಮಾರು 1750ರಿಂದ 1820ರವರೆಗಿನ ವಾದ್ಯ ಸಂಗೀತ. ಅದರ ಮುಖ್ಯ ಕೇಂದ್ರ ವಿಯೆನ್ನಾ. ಹೈಡನ್, ಮೊಜಾರ್ಟ್, ಬೀಥೋವನ್, ಈ ಮೂವರು ಸಂಯೋಜಕರು ಸಾಕು.

ಶುರು ಮಾಡುವ ಮುಂಚೆ

ಬೇಕಾಗಿರುವುದು ಒಂದು ಫೋನು, ಒಂದು ಹಾಳೆ, ಒಂದು ಪೆನ್ಸಿಲ್, ಮತ್ತೆ ಶ್ರುತಿಪೆಟ್ಟಿಗೆ ಅಥವಾ ತಂಬೂರಿ ಆ್ಯಪ್. ಕೊನೆಯದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹುಡುಕುವಾಗ ಹೆಸರಿಗಿಂತ ನಂಬರ್ ನಂಬಿ. ಮೊಜಾರ್ಟ್ ಕೃತಿಗಳ ಮುಂದೆ ಕೆ. 525, ಕೆ. 550 ಅಂತ ಇರುತ್ತದೆ. ಕೋಹೆಲ್ ಎಂಬಾತ 1862ರಲ್ಲಿ ಪ್ರಕಟಿಸಿದ ಪಟ್ಟಿಯ ನಂಬರ್ ಅದು. ‘ಮೊಜಾರ್ಟ್ ರಿಲ್ಯಾಕ್ಸಿಂಗ್ ಮ್ಯೂಸಿಕ್’ ಅಂತ ಹುಡುಕಿದರೆ ಎಲ್ಲೆಲ್ಲಿಯದೋ ತುಂಡುಗಳು ಸಿಗುತ್ತವೆ. ಕತ್ತರಿಸಿದ ತುಂಡಿನಲ್ಲಿ ಫಾರ್ಮ್ ಹುಡುಕಲು ಆಗುವುದಿಲ್ಲ.

ಒಂದು ಸಲಕ್ಕೆ ಒಂದೇ ಮೂವ್‌ಮೆಂಟ್ ಕೇಳಿ. ಮೂವ್‌ಮೆಂಟ್ ಅಂದರೆ ಕೃತಿಯ ಒಂದು ಭಾಗ. ಸಿಂಫನಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಇರುತ್ತವೆ: ವೇಗದ್ದು, ನಿಧಾನದ್ದು, ಮಿನುಯೆಟ್ ಎಂಬ ಕುಣಿತದ್ದು, ಮತ್ತೆ ವೇಗದ್ದು. ಒಬ್ಬರು ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕನ್ಚೆರ್ಟೊಗಳಲ್ಲಿ ಕುಣಿತ ಬಿಟ್ಟು ಮೂರು. ಒಂದೇ ಮೂವ್‌ಮೆಂಟನ್ನು ಮೂರು ಸಲ ಕೇಳಿ. ಮೊದಲ ಸಲ ಸುಮ್ನೆ. ಎರಡನೇ ಸಲ ಪೆನ್ಸಿಲ್ ಹಿಡಿದು. ಮೂರನೇ ಸಲ ಮತ್ತೆ ಸುಮ್ನೆ.

ಹೆಜ್ಜೆ 1: ಟ್ವಿಂಕಲ್ ಟ್ವಿಂಕಲ್

ಹಾಕಿಕೊಳ್ಳಿ ಕೆ. 265. ಒಬ್ಬರೇ ಪಿಯಾನೋ ನುಡಿಸುವ ಕೃತಿ. ಶುರುವಾದ ತಕ್ಷಣ ನಗು ಬರುತ್ತದೆ. ನಮ್ಮ ಎಲ್‌ಕೆಜಿ ಮಕ್ಕಳು ಹಾಡುವ ‘ಟ್ವಿಂಕಲ್ ಟ್ವಿಂಕಲ್’ ಧಾಟಿಯೇ ಅದು! ಮೊಜಾರ್ಟ್ ಅದನ್ನು ಕಟ್ಟಿದ್ದಲ್ಲ. ಆಗಲೇ ಚಾಲ್ತಿಯಲ್ಲಿದ್ದ ಒಂದು ಫ್ರೆಂಚ್ ಹಾಡಿನ ಧಾಟಿ. ಇಂಗ್ಲಿಷ್ ಪದ್ಯ ಅಚ್ಚಾಗಿದ್ದೇ 1806ರಲ್ಲಿ, ಮೊಜಾರ್ಟ್ ತೀರಿಕೊಂಡು 15 ವರ್ಷವಾದ ಮೇಲೆ.

ಈ ಬಗೆಗೆ ಥೀಮ್ ಮತ್ತು ವೇರಿಯೇಷನ್ಸ್ ಅಂತ ಹೆಸರು. ಮೊದಲು ಧಾಟಿಯನ್ನು ಬರಿಮೈಯಲ್ಲಿ ತೋರಿಸುತ್ತಾರೆ. ಆಮೇಲೆ ಅದಕ್ಕೆ ಬೇರೆ ಬೇರೆ ಬಟ್ಟೆ ಹಾಕುತ್ತಾರೆ. ಇದರಲ್ಲಿ 12 ಬಟ್ಟೆಗಳಿವೆ. ನಮ್ಮ ಸಂಗತಿಗಳ ನೆನಪು ಬರಬಹುದು. ಆದರೆ ಸಂಗತಿಯಲ್ಲಿ ಒಂದೇ ಸಾಲು ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ಇಡೀ ಹಾಡು ಮೊದಲಿನಿಂದ ಕೊನೆಯವರೆಗೆ ಹೊಸ ವೇಷದಲ್ಲಿ ಬರುತ್ತದೆ.

ಕೆಲಸ ಇಷ್ಟೇ. ಕೇಳುತ್ತಾ ಬಾಯಲ್ಲಿ ಮೆಲ್ಲಗೆ ಟ್ವಿಂಕಲ್ ಹಾಡುತ್ತಿರಿ. ಮೊದಲ ವೇರಿಯೇಷನ್‌ನಲ್ಲಿ ಬಲಗೈ ಓಡುತ್ತದೆ. ಎರಡನೆಯದರಲ್ಲಿ ಎಡಗೈ ಓಡುತ್ತದೆ. ಎಷ್ಟೇ ಓಡಿದರೂ ನಿಮ್ಮ ಹಾಡು ಅದರ ಮೇಲೆ ಸರಿಯಾಗಿ ಕೂರುತ್ತದೆ. ಹಾಡು ಮುಗಿಯಿತು ಅಂದರೆ ಹಾಳೆಯಲ್ಲಿ ಒಂದು ಗೆರೆ. (ಒಳಗಿನ ತುಂಡುಗಳನ್ನು ಎರಡೆರಡು ಸಲ ನುಡಿಸುವುದು ವಾಡಿಕೆ, ಗಾಬರಿಯಾಗಬೇಡಿ.) ಎಂಟನೆಯದಕ್ಕೆ ಬಂದಾಗ ಧಾಟಿ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಮೇಜರ್‌ನಿಂದ ಮೈನರ್‌ಗೆ ಇಳಿದಿರುತ್ತದೆ, ಅಂದರೆ ಗಾಂಧಾರ ಒಂದು ಮೆಟ್ಟಿಲು ಕೆಳಗೆ ಬಂದಿರುತ್ತದೆ. ಹನ್ನೊಂದನೆಯದು ತೀರಾ ನಿಧಾನ. ಹನ್ನೆರಡನೆಯದರಲ್ಲಿ ಎರಡರ ನಡೆ ಹೋಗಿ ಮೂರರ ನಡೆ ಬರುತ್ತದೆ. ಕೊನೆಗೆ ಹತ್ತಿರ ಬಂದಾಗ ಒಂದು ಮಂಕು, ಒಂದು ನಿಧಾನ, ಆಮೇಲೆ ಜೋರಾದ ಮುಕ್ತಾಯ: ಈ ಚಾಳಿ ಆ ಕಾಲದ ವೇರಿಯೇಷನ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಇದು ಸುಲಭವಾಯಿತು ಅನಿಸಿದರೆ ಹೈಡನ್‌ನ 94ನೇ ಸಿಂಫನಿಯ ಎರಡನೇ ಮೂವ್‌ಮೆಂಟ್ ಕೇಳಿ. ಮಗುವೂ ಹಾಡಬಹುದಾದ ಧಾಟಿ. ಒಮ್ಮೆ ಮೆತ್ತಗೆ, ಇನ್ನೊಮ್ಮೆ ಇನ್ನೂ ಮೆತ್ತಗೆ. ನೀವು ಕಿವಿ ಮುಂದೆ ಮಾಡುವ ಹೊತ್ತಿಗೆ ಇಡೀ ಆರ್ಕೆಸ್ಟ್ರಾ ಡಮ್ ಅಂತ ಒಂದೇ ಏಟು. 1792ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಎಲ್ಲರೂ ಆ ಏಟಿನ ಬಗ್ಗೆಯೇ ಮಾತಾಡುತ್ತಾರೆ. ಆ ಗದ್ದಲದಲ್ಲಿ ಆಮೇಲೆ ಬರುವ ನಾಲ್ಕು ವೇರಿಯೇಷನ್‌ಗಳನ್ನು ಯಾರೂ ಎಣಿಸುವುದಿಲ್ಲ. ನೀವು ಎಣಿಸಿ. ಎರಡನೆಯದು ಮೈನರ್.

ಹೆಜ್ಜೆ 2: ತಕಿಟ ಎಣಿಸಿ

ಈಗ ಕೆ. 525. ‘ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್’, ಅಂದರೆ ರಾತ್ರಿ ಹೊತ್ತಿನ ಒಂದು ಪುಟ್ಟ ಸಂಗೀತ. ಮೊಜಾರ್ಟ್ ಇದನ್ನು ಮುಗಿಸಿದ್ದು 1787ರ ಆಗಸ್ಟ್ 10ರಂದು. ಅವನ ಸ್ವಂತ ಪಟ್ಟಿಯಲ್ಲಿ ಐದು ಮೂವ್‌ಮೆಂಟ್ ಅಂತ ಬರೆದುಕೊಂಡಿದ್ದಾನೆ. ಒಂದು ಮಿನುಯೆಟ್ ಕಳೆದುಹೋಗಿ ಈಗ ನಾಲ್ಕೇ ಉಳಿದಿವೆ. ಉಳಿದುಕೊಂಡ ಮಿನುಯೆಟ್ಟೇ ನಮಗೆ ಬೇಕಾಗಿರುವುದು, ಮೂರನೇ ಮೂವ್‌ಮೆಂಟ್. ಎರಡು ನಿಮಿಷದ ಆಸುಪಾಸು.

ಮಿನುಯೆಟ್ ಅಂದರೆ ಮೂರರ ನಡೆಯ ಕುಣಿತ. ತಕಿಟ, ತಕಿಟ ಅಂತ ಎಣಿಸಿ. ಎಂಟು ತಕಿಟ ಆದ ಮೇಲೆ ಅದೇ ಎಂಟು ಮತ್ತೆ ಬರುತ್ತದೆ. ಆಮೇಲೆ ಬೇರೆ ಎಂಟು, ಅದೂ ಮತ್ತೊಮ್ಮೆ. ಅಲ್ಲಿಗೆ ಮೊದಲ ಮನೆ ಕಟ್ಟಿ ಆಯಿತು.

ಇದ್ದಕ್ಕಿದ್ದಂತೆ ಠೀವಿ ಹೋಗಿ ನಯ ಬರುತ್ತದೆ. ಪಿಟೀಲು ಪಿಸುಮಾತಿನಲ್ಲಿ ಉದ್ದುದ್ದ ಎಳೆಯುತ್ತದೆ. ಇದು ಟ್ರಿಯೋ. ಹಿಂದೆ ಈ ನಡುವಿನ ಭಾಗವನ್ನು ಮೂರೇ ವಾದ್ಯ ನುಡಿಸುವ ರೂಢಿ ಇತ್ತು. ವಾದ್ಯ ಜಾಸ್ತಿಯಾದರೂ ಹೆಸರು ಮಾತ್ರ ಉಳಿದುಕೊಂಡಿದೆ. ಇಲ್ಲೂ ಎರಡು ತುಂಡು: ಒಂದು ಎಂಟು ತಕಿಟದ್ದು, ಇನ್ನೊಂದು ಹನ್ನೆರಡರದ್ದು. ಟ್ರಿಯೋ ಮುಗಿದ ಕೂಡಲೇ ಮೊದಲಿನ ಮಿನುಯೆಟ್ ಹಾಗೇ ವಾಪಸ್. ಈ ಸಲ ಪ್ರತಿ ತುಂಡನ್ನೂ ಒಂದೇ ಬಾರಿ ನುಡಿಸುವುದು ರೂಢಿ. ಬರಹದಲ್ಲಿ ಇದನ್ನು ಮತ್ತೆ ಬರೆಯುವುದೂ ಇಲ್ಲ, ‘ಡಾ ಕಾಪೋ’ ಅಂತ ಸೂಚನೆ ಹಾಕಿಬಿಡುತ್ತಾರೆ. ಇಟಾಲಿಯನ್‌ನಲ್ಲಿ ತಲೆಯಿಂದ ಅಂತ ಅರ್ಥ.

ಹೈಡನ್, ಮೊಜಾರ್ಟ್ ಸಿಂಫನಿಗಳಲ್ಲಿ ನಿಮಗೆ ದಾರಿ ತಪ್ಪಿದರೆ ಮಿನುಯೆಟ್ಟಿಗಾಗಿ ಕಾಯಿರಿ. ತಕಿಟ ಕೇಳಿಸಿತೋ, ಇನ್ನು ಒಂದೇ ಭಾಗ ಬಾಕಿ ಅಂತ ಸಾಮಾನ್ಯವಾಗಿ ಅಂದುಕೊಳ್ಳಬಹುದು. ಬೀಥೋವನ್ ಆ ಜಾಗದಲ್ಲಿ ಇನ್ನೂ ವೇಗದ ಸ್ಕೆರ್ಟ್ಸೊ ತಂದ. ಕಟ್ಟಡ ಅದೇ, ಕುಣಿಯುವವರ ಉಸಿರು ಕಟ್ಟುತ್ತದೆ ಅಷ್ಟೇ.

ಚಪ್ಪಾಳೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಮೊದಲ ಸಲ ಬೆಂಗಳೂರಿನಲ್ಲಿ ಇಂಥ ಕಛೇರಿಗೆ ಹೋದಾಗ ಮೊದಲ ಮೂವ್‌ಮೆಂಟ್ ಮುಗಿದ ತಕ್ಷಣ ಚಪ್ಪಾಳೆ ತಟ್ಟಿದೆ. ಇಡೀ ಸಭಾಂಗಣದಲ್ಲಿ ನನ್ನದೊಂದೇ ಸದ್ದು. ಮುಂದಿನ ಸಾಲಿನವರು ತಿರುಗಿ ನೋಡಿದರು. ಈಗಿನ ಪದ್ಧತಿ ಹಾಗೆ, ಕೊನೆಯಲ್ಲಿ ಮಾತ್ರ ತಟ್ಟಬೇಕು. ಆದರೆ 1778ರಲ್ಲಿ ಪ್ಯಾರಿಸ್‌ನಿಂದ ಮೊಜಾರ್ಟ್ ಅಪ್ಪನಿಗೆ ಬರೆದ ಕಾಗದ ಓದಿದರೆ ಸಮಾಧಾನವಾಗುತ್ತದೆ. ಅಲ್ಲಿನ ಜನ ಮೊದಲ ಮೂವ್‌ಮೆಂಟಿನ ನಡುವೆಯೇ ಚಪ್ಪಾಳೆ ತಟ್ಟಿದರಂತೆ. ಆ ಜಾಗ ಜನರಿಗೆ ಹಿಡಿಸುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತಂತೆ. ನಮ್ಮ ಭಲೇ, ಆಹಾ ಥರಾನೇ ಅಲ್ವಾ?

ಹೆಜ್ಜೆ 3: ಪಲ್ಲವಿ ಹಿಡಿಯಿರಿ

ನಮ್ಮ ಬೀದಿಯಲ್ಲಿ ಒಂದು ಕಾರಿತ್ತು. ರಿವರ್ಸ್ ಹಾಕಿದರೆ ಬೀಥೋವನ್ ನುಡಿಸುತ್ತಿತ್ತು. ‘ಫ್ಯೂರ್ ಎಲೀಸೆ’, 1810ರದ್ದು. ಬೀಥೋವನ್ ಬದುಕಿದ್ದಾಗ ಅಚ್ಚೇ ಆಗಲಿಲ್ಲ. ಹೊರಬಂದಿದ್ದು 1867ರಲ್ಲಿ. ಕಾರುಗಳು, ರಿಂಗ್‌ಟೋನ್‌ಗಳು ಮೊದಲ ಸಾಲನ್ನೇ ನೂರು ಸಲ ಕೇಳಿಸಿ ನಮ್ಮನ್ನು ಸುಸ್ತು ಮಾಡಿವೆ. ಪೂರ್ತಿ ಕೇಳಿ, ಮೂರು ನಿಮಿಷ.

ಇದು ರೊಂಡೊ. ಒಂದು ಧಾಟಿ ಮತ್ತೆ ಮತ್ತೆ ಬರುತ್ತದೆ, ನಡುನಡುವೆ ಬೇರೆ ಕಥೆ. ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ: ಪ, ಬೇರೆ, ಪ, ಇನ್ನೊಂದು, ಪ. ನಮ್ಮ ಕೃತಿಯಲ್ಲಿ ಪಲ್ಲವಿ, ಅನುಪಲ್ಲವಿ, ಪಲ್ಲವಿ, ಚರಣ, ಪಲ್ಲವಿ ಬರುವ ಹಾಗೆಯೇ. ಮೊದಲ ‘ಬೇರೆ’ ಬೆಳಕಾಗಿದೆ, ಬೆರಳುಗಳು ಸರಸರ ಓಡುತ್ತವೆ. ಎರಡನೆಯದರಲ್ಲಿ ಎಡಗೈ ಮಂದ್ರದಲ್ಲಿ ಒಂದೇ ಸ್ವರವನ್ನು ಗುದ್ದುತ್ತಲೇ ಇರುತ್ತದೆ, ಮೇಲೆ ಏನೋ ಆತಂಕ. ಅದು ಮುಗಿಯುವಾಗ ಬಲಗೈ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಜಾರಿ ಬರುತ್ತದೆ, ಬಿದ್ದ ಜಾಗದಲ್ಲೇ ಪಲ್ಲವಿ.

ಕೆ. 525ರ ಕೊನೆಯ ಮೂವ್‌ಮೆಂಟಿಗೂ ಮೊಜಾರ್ಟ್ ರೊಂಡೊ ಅಂತಲೇ ಹೆಸರಿಟ್ಟಿದ್ದಾನೆ. ಅದರ ಪಲ್ಲವಿ ಹಿಡಿದು ಎಷ್ಟು ಸಲ ಬಂತು ಅಂತ ಎಣಿಸಿ ನೋಡಿ. ಅಲ್ಲಿ ಗಡಿಗಳು ಇಷ್ಟು ಸ್ಪಷ್ಟ ಇಲ್ಲ. ತಪ್ಪಿದರೂ ಪರವಾಗಿಲ್ಲ.

ಹೆಜ್ಜೆ 4: ಶ್ರುತಿಪೆಟ್ಟಿಗೆ ತೆಗೆಯಿರಿ

ಇನ್ನು ಸೊನಾಟಾ ಫಾರ್ಮ್. ಇದೇ ಆ ಕಾಲದ ರಾಜ. ಸಿಂಫನಿ, ನಾಲ್ವರು ನುಡಿಸುವ ಕ್ವಾರ್ಟೆಟ್, ಪಿಯಾನೋ ಸೊನಾಟಾ ಯಾವುದೇ ಇರಲಿ, ಮೊದಲ ಮೂವ್‌ಮೆಂಟ್ ಹೆಚ್ಚಿನ ಸಲ ಇದೇ. ತಮಾಷೆ ಏನೆಂದರೆ ಈ ಹೆಸರು ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ. ಹೈಡನ್, ಮೊಜಾರ್ಟ್ ಇಬ್ಬರೂ ಆಗ ಇರಲಿಲ್ಲ. ಅವರು ನಿಯಮ ನೋಡಿ ಬರೆದವರಲ್ಲ. ಆಮೇಲಿನವರು ಅವರನ್ನು ನೋಡಿ ನಿಯಮ ಬರೆದರು.

ಇಲ್ಲಿ ನಮ್ಮಂಥವರ ಕಿವಿಗೆ ಒಂದು ತೊಡಕಿದೆ. ನಮ್ಮ ಕಛೇರಿಯಲ್ಲಿ ತಂಬೂರಿ ಒಂದೇ ಷಡ್ಜವನ್ನು ಕೊನೆಯವರೆಗೂ ಹಿಡಿದಿರುತ್ತದೆ. ಇವರಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ಗ್ರಹಭೇದ ಗೊತ್ತಿದ್ದರೆ ಅದೇ. ನಮ್ಮಲ್ಲಿ ಅದು ಅಪರೂಪದ ಚಮತ್ಕಾರ, ಅವರಲ್ಲಿ ದಿನನಿತ್ಯದ ಊಟ. ಸೊನಾಟಾ ಫಾರ್ಮಿನ ಕಥೆಯೇ ಇದರ ಮೇಲೆ ನಿಂತಿದೆ. ಟ್ಯೂನ್ ಬದಲಾಗಿದ್ದು ಎಲ್ಲರಿಗೂ ಕೇಳುತ್ತದೆ. ಷಡ್ಜ ಸರಿದಿದ್ದು ಕೇಳಿಸಬೇಕಾದರೆ ಒಂದು ಉಪಾಯ ಬೇಕು. ಅದಕ್ಕೇ ಶ್ರುತಿಪೆಟ್ಟಿಗೆ.

ಕೆ. 525ರ ಮೊದಲ ಮೂವ್‌ಮೆಂಟ್ ತೆಗೆದುಕೊಳ್ಳಿ. ಇದರ ಷಡ್ಜ ಜಿ, ಹಾರ್ಮೋನಿಯಂ ಲೆಕ್ಕದಲ್ಲಿ ಐದನೇ ಬಿಳಿ ಮನೆ. ಆ್ಯಪಿನಲ್ಲಿ ಜಿ ಇಟ್ಟು, ಪಂಚಮ ಸೇರಿಸಿ, ಸಣ್ಣಗೆ ಹಾಕಿ. ಒಂದು ಎಚ್ಚರಿಕೆ: ಹಳೆಯ ಕಾಲದ ವಾದ್ಯಗಳಲ್ಲೇ ನುಡಿಸುವ ತಂಡಗಳು ಶ್ರುತಿಯನ್ನು ಸ್ವಲ್ಪ ಇಳಿಸಿಕೊಂಡಿರುತ್ತವೆ. ಅಂಥ ರೆಕಾರ್ಡಿಂಗ್ ಆದರೆ ಶ್ರುತಿ ಕೂಡುವುದಿಲ್ಲ. ಆ್ಯಪನ್ನು ಸ್ವಲ್ಪ ಇಳಿಸಿ, ಇಲ್ಲವೇ ಬೇರೆ ರೆಕಾರ್ಡಿಂಗ್ ಹಾಕಿ.

ಶುರುವಿನ ಸಾಲು ಎಲ್ಲ ವಾದ್ಯಗಳೂ ಒಟ್ಟಿಗೆ ನುಡಿಸುತ್ತವೆ: ಸಾ ಪಸಾ ಪಸಪಸಗಪ. ಉತ್ತರವಾಗಿ: ಮಾ ರಿಮಾ ರಿಮರಿನಿರಿಪ. ಹಾಡಿ ನೋಡಿ, ಪಕ್ಕಾ ಶಂಕರಾಭರಣ ರಾಗ, ಗಮಕ ಒಂದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳು (ಪಾಶ್ಚಾತ್ಯ ಧಾಟಿಯ ಪುಟ್ಟ ಸಂಸ್ಕೃತ ಹಾಡುಗಳು) ಬಲ್ಲವರಿಗೆ ಈ ಜಾಡು ಹೊಸದಲ್ಲ. ‘ಶಕ್ತಿ ಸಹಿತ ಗಣಪತಿಂ’ ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ಅಂಥವು. ದೀಕ್ಷಿತರು ಬೀಥೋವನ್‌ಗಿಂತ ಐದಾರು ವರ್ಷ ಚಿಕ್ಕವರು, ಅಂದರೆ ಇದೇ ಕಾಲದವರು.

ಮುಂದುವರಿಯಲಿ. ಸುಮಾರು ಮುಕ್ಕಾಲು ನಿಮಿಷದ ಹೊತ್ತಿಗೆ ಗದ್ದಲ ನಿಂತು ಮೆತ್ತಗಿನ, ಕೆಳಗಿಳಿಯುವ ಎರಡನೇ ಟ್ಯೂನ್ ಬರುತ್ತದೆ. ಆಗ ಶ್ರುತಿಪೆಟ್ಟಿಗೆ ಕಡೆ ಗಮನ ಕೊಡಿ. ಏನೋ ಕಿರಿಕಿರಿ. ಜಿ ಹಿಡಿದುಕೊಂಡ ಕಿವಿಗೆ ಪ್ರತಿಮಧ್ಯಮ, ಅಂದರೆ ಒಂದು ಮೆಟ್ಟಿಲು ಮೇಲಿನ ಮ, ಕೇಳಿಸುತ್ತಿದೆ! ಶಂಕರಾಭರಣ ಅಂದುಕೊಂಡು ಕೂತವರಿಗೆ ಕಲ್ಯಾಣಿಯ ಸ್ವರಗಳು. ಆದರೆ ಟ್ಯೂನ್ ಕಲ್ಯಾಣಿಯಲ್ಲಿ ಇಲ್ಲ. ಅದು ಪಂಚಮವನ್ನೇ ಷಡ್ಜ ಮಾಡಿಕೊಂಡು ಅಲ್ಲಿಂದ ಹೊಸ ಶಂಕರಾಭರಣ ಹಾಡುತ್ತಿದೆ. ಆ್ಯಪನ್ನು ಡಿಗೆ, ಅಂದರೆ ಎರಡನೇ ಮನೆಗೆ ಬದಲಿಸಿ, ಮತ್ತೆ ಅದೇ ಜಾಗ ಹಾಕಿ. ಕಿರಿಕಿರಿ ಮಾಯ. ಈ ಒಂದು ಪ್ರಯೋಗ ನನಗೆ ಹತ್ತು ಪಾಠಗಳಿಗಿಂತ ಜಾಸ್ತಿ ಕಲಿಸಿತು.

ಇಲ್ಲಿಯವರೆಗಿನದು ಎಕ್ಸ್‌ಪೊಸಿಷನ್. ಮೊದಲ ಟ್ಯೂನ್ ಮನೆಯಲ್ಲಿ, ಎರಡನೆಯದು ಪಂಚಮದ ಮನೆಯಲ್ಲಿ. ಇದನ್ನು ಪೂರ್ತಿಯಾಗಿ ಮತ್ತೊಮ್ಮೆ ನುಡಿಸುವುದು ವಾಡಿಕೆ. ಕೆಲವು ಹಳೆಯ ರೆಕಾರ್ಡಿಂಗ್‌ಗಳಲ್ಲಿ ಬಿಟ್ಟುಬಿಡುತ್ತಾರೆ. ಆಮೇಲೆ ಡೆವಲಪ್‌ಮೆಂಟ್: ಕೇಳಿದ ತುಂಡುಗಳನ್ನೇ ಎತ್ತಿಕೊಂಡು ಮನೆಯಿಂದ ಮನೆಗೆ ಅಲೆದಾಟ. ಈ ಕೃತಿಯಲ್ಲಿ ಅದು ತುಂಬಾ ಚಿಕ್ಕದು, ಅರ್ಧ ನಿಮಿಷ ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾ ಪಸಾ ಪಸಪಸಗಪ ವಾಪಸ್ ಬಂದಿರುತ್ತದೆ. ಇದು ರೀಕ್ಯಾಪಿಟ್ಯುಲೇಷನ್. ಆ್ಯಪನ್ನು ಮತ್ತೆ ಜಿಗೆ ತನ್ನಿ. ಈ ಸಲ ಎರಡನೇ ಟ್ಯೂನ್ ಬಂದಾಗ ಕಿರಿಕಿರಿ ಇಲ್ಲ. ಅದೂ ಜಿ ಮನೆಗೆ ಬಂದು ಕೂತಿದೆ.

ಹೆಜ್ಜೆ 5: ಮನೆಗೆ ಬಂದರೂ ಖುಷಿ ಇಲ್ಲದಾಗ

ಎರಡನೇ ಟ್ಯೂನ್ ಯಾವ ಮನೆಯಲ್ಲಿ ಬಂತು ಅನ್ನುವುದು ಬರೀ ಲೆಕ್ಕ ಅಂತ ಅನಿಸಬಹುದು. 40ನೇ ಸಿಂಫನಿ, ಕೆ. 550 ಕೇಳಿದರೆ ಹಾಗನಿಸುವುದಿಲ್ಲ. 1788ರ ಬೇಸಿಗೆಯಲ್ಲಿ ಮೊಜಾರ್ಟ್ ತನ್ನ ಕೊನೆಯ ಮೂರು ಸಿಂಫನಿಗಳನ್ನು ಒಂದರ ಹಿಂದೆ ಒಂದು ಮುಗಿಸಿದ. ಇದು ನಡುವಿನದು, ಜುಲೈ 25ರ ತಾರೀಖು. ತುತ್ತೂರಿ ಇಲ್ಲ, ನಗಾರಿ ಇಲ್ಲ. ಜಿ ಮೈನರ್, ನಮ್ಮ ಕೀರವಾಣಿ ರಾಗಕ್ಕೆ ಹತ್ತಿರದ ಸ್ವರಗಳು.

ಮೊದಲ ಟ್ಯೂನ್ ಮೊಬೈಲ್ ಕಾಲದವರಿಗೆಲ್ಲ ಗೊತ್ತು: ದಪಪ, ದಪಪ, ದಪಪಗ. ಗಮನಿಸಿ, ಅದಕ್ಕೂ ಮುಂಚೆ ವಯೋಲಾಗಳು (ಪಿಟೀಲಿನಂಥದೇ, ಸ್ವಲ್ಪ ದೊಡ್ಡ ವಾದ್ಯ) ಗುಸುಗುಸು ಶುರು ಮಾಡಿರುತ್ತವೆ. ಟ್ಯೂನ್ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಜೋರಾಗಿ ನುಡಿಸಿ ಗಕ್ಕನೆ ನಿಲ್ಲುತ್ತಾರೆ. ಒಂದು ಕ್ಷಣ ಮೌನ. ಆ ಮೌನವೇ ಕೈಮರ. ಅದರಾಚೆ ಎರಡನೇ ಟ್ಯೂನ್, ಪಿಟೀಲು ಒಂದು ತುಂಡು, ಊದುವ ವಾದ್ಯಗಳು ಒಂದು ತುಂಡು ಹಂಚಿಕೊಂಡು ನುಡಿಸುತ್ತವೆ. ಮೈನರ್ ಕೃತಿಗಳಲ್ಲಿ ಷಡ್ಜ ಪಂಚಮಕ್ಕೆ ಹೋಗುವ ಬದಲು ಸಾಮಾನ್ಯವಾಗಿ ಗಾಂಧಾರಕ್ಕೆ ಹೋಗಿ ಮೇಜರ್ ಆಗುತ್ತದೆ. ಇಲ್ಲೂ ಹಾಗೇ, ಬಿ ಫ್ಲ್ಯಾಟ್ ಮೇಜರ್. ಮೋಡದ ಮಧ್ಯೆ ಬಿಸಿಲು ಬಿದ್ದ ಹಾಗಿರುತ್ತದೆ. ಈ ಬಿಸಿಲನ್ನು ನೆನಪಿಟ್ಟುಕೊಳ್ಳಿ.

ಡೆವಲಪ್‌ಮೆಂಟ್ ಶುರುವಾಗುವಾಗ ನೆಲವೇ ಜಾರುತ್ತದೆ. ದಪಪ ಈಗ ಎಫ್ ಶಾರ್ಪ್ ಮೈನರ್‌ನಲ್ಲಿದೆ. ಜಿಗೆ ಅರ್ಧ ಸ್ವರ ಕೆಳಗಿನ ಪಕ್ಕದ ಮನೆ, ಆದರೆ ದಾರಿ ಹಿಡಿದು ಹೋದರೆ ಬಲು ದೂರ. ಅಲ್ಲಿಂದ ಟ್ಯೂನನ್ನು ಕತ್ತರಿಸುತ್ತಾ ಹೋಗುತ್ತಾನೆ. ಕೊನೆಗೆ ಆ ಮೂರು ಸ್ವರದ ಚೂರಷ್ಟೇ ಉಳಿಯುತ್ತದೆ. ಊದುವ ವಾದ್ಯಗಳು ಮೆಲ್ಲಗೆ ಇಳಿಯುತ್ತಿರುವಾಗಲೇ, ಅವು ಮುಗಿಯುವ ಮುಂಚೆಯೇ, ಪಿಟೀಲುಗಳು ಕೆಳಗಿನಿಂದ ಮೊದಲ ಟ್ಯೂನ್ ಶುರು ಮಾಡಿಬಿಡುತ್ತವೆ. ಬಾಗಿಲು ಬಡಿಯದೆ ಒಳಗೆ ಬಂದ ಹಾಗೆ. ನನಗೆ ಇದನ್ನು ಸರಿಯಾಗಿ ಹಿಡಿಯಲು ಒಂದು ವಾರ ಹಿಡಿಯಿತು.

ಈಗ ಕಾಯಿರಿ. ಮೌನದ ಆಚೆ ಎರಡನೇ ಟ್ಯೂನ್ ಬರಬೇಕು, ಅದು ಮನೆಯ ಷಡ್ಜದಲ್ಲೇ ಬರಬೇಕು. ಬರುತ್ತದೆ. ಆದರೆ ಈ ಮನೆ ಮೈನರ್. ಆಗ ಬಿಸಿಲಾಗಿದ್ದ ಅದೇ ಟ್ಯೂನ್ ಈಗ ಮಂಕಾಗಿದೆ. ಎರಡೂ ಜಾಗಗಳ ಸಮಯ ಬರೆದಿಟ್ಟುಕೊಂಡು ಒಂದಾದ ಮೇಲೆ ಒಂದು ಹಾಕಿ ಕೇಳಿ. ಮೊದಲನೆಯದನ್ನು ನೆನಪಿಟ್ಟುಕೊಂಡವರಿಗೆ ಮಾತ್ರ ಎರಡನೆಯದು ಚುಚ್ಚುತ್ತದೆ.

ಇದಾದ ಮೇಲೆ ಟೈಟಾನ್ ಸಿಂಫನಿಗೆ ವಾಪಸ್ ಹೋಗಿ. ಅದರದ್ದೂ ಜಿ ಮೈನರ್. ಅಲ್ಲೂ ಎರಡನೇ ಟ್ಯೂನ್ ಮೊದಲು ಬಿ ಫ್ಲ್ಯಾಟ್ ಮೇಜರ್, ಆಮೇಲೆ ಜಿ ಮೈನರ್. 17ರ ವಯಸ್ಸಿನಲ್ಲೇ ಅವನಿಗೆ ಈ ಗುಟ್ಟು ಗೊತ್ತಿತ್ತು.

ಹೆಜ್ಜೆ 6: ಹೈಡನ್‌ನನ್ನು ನಂಬಬೇಡಿ

ಇಷ್ಟು ಕಲಿತು ಹೈಡನ್‌ಗೆ ಬಂದರೆ ಮೋಸ ಹೋಗುತ್ತೀರಿ. 1795ರ 104ನೇ ಸಿಂಫನಿಯ ಮೊದಲ ಮೂವ್‌ಮೆಂಟಿನಲ್ಲಿ, ನಿಧಾನದ ಪೀಠಿಕೆ ಆದ ಮೇಲೆ, ಎರಡನೇ ಟ್ಯೂನಿಗಾಗಿ ಕಾಯುತ್ತೀರಿ. ಬರುವುದು ಮೊದಲಿನದೇ ಟ್ಯೂನ್, ಪಂಚಮದ ಮನೆಯಲ್ಲಿ. ಅವನಿಗೆ ಮನೆ ಬದಲಾದರೆ ಸಾಕು, ಟ್ಯೂನ್ ಬದಲಾಗಬೇಕಿಲ್ಲ. ಶ್ರುತಿಪೆಟ್ಟಿಗೆ ಇಲ್ಲದೆ ಕೇಳಿದವರು ಇಲ್ಲಿ ಪೂರ್ತಿ ದಾರಿ ತಪ್ಪುತ್ತಾರೆ.

ಕೊನೆಗೆ ಅವನ ಓಪಸ್ 33 (ಓಪಸ್ ಅಂದರೆ ಕೃತಿಯ ನಂಬರ್), ನಂಬರ್ 2, 1781ರ ಸ್ಟ್ರಿಂಗ್ ಕ್ವಾರ್ಟೆಟ್. ‘ಜೋಕ್’ ಅಂತ ಅಡ್ಡಹೆಸರು. ಕೊನೆಯ ಮೂವ್‌ಮೆಂಟ್ ಹಾಕಿ. ರೊಂಡೊ, ಆದ್ದರಿಂದ ಪಲ್ಲವಿ ಹಿಡಿಯುವುದು ಈಗ ನಿಮಗೆ ನೀರು ಕುಡಿದಷ್ಟು ಸುಲಭ. ಮುಗಿಯುವ ಹೊತ್ತಿಗೆ ವೇಗ ನಿಂತು ಒಂದಿಷ್ಟು ನಿಧಾನದ ಗಂಭೀರ ಸಾಲು ಬರುತ್ತದೆ. ಆಮೇಲೆ ಪಲ್ಲವಿಯನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ನಡುವೆ ನಿಲ್ಲಿಸಿ ನುಡಿಸುತ್ತಾರೆ. ನಾಲ್ಕನೆಯದು ಮುಗಿಯಿತು, ಅಂದರೆ ಹಾಡು ಮುಗಿಯಿತು. ಉದ್ದದ ಮೌನ. ನೀವು ಹೆಡ್‌ಫೋನ್ ತೆಗೆಯಲು ಕೈ ಎತ್ತುತ್ತೀರಿ. ಆಗ ಪಿಸುಮಾತಿನಲ್ಲಿ ಪಲ್ಲವಿಯ ಮೊದಲ ತುಂಡು ಇನ್ನೊಮ್ಮೆ. ಆಮೇಲೆ ಏನೂ ಇಲ್ಲ. ಮುಂದಿನ ತುಂಡು ಬರುತ್ತದೆ ಅಂತ ಕಾದೇ ಕಾಯುತ್ತೀರಿ. ಫೋನಿನ ಪರದೆ ನೋಡಬೇಡಿ, ಆಟೋಪ್ಲೇ ಮೊದಲೇ ಆಫ್ ಮಾಡಿಟ್ಟಿರಿ.